ಹೋಳಿಗೆಗೆ ಕರೆದ ಮೇಲ್

ನೋಡ್ರಪ್ಪಾ, ಇವತ್ತು ಶೆಟ್ಟಿಹಳ್ಳಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ, ಬಹಳ ದಿನದಿಂದ ಮುಟ್ಟದಿದ್ದ ಇಮೇಲ್ ಪ್ರೋಗ್ರಾಂ ತೆರೆಯಲೇ ಇಲ್ಲ. ರಿಪೇರಿಯ ಮಂಜಣ್ಣ ಬಂದು ಗುದ್ದಾಡಿ, "ಅಕ್ಕಾ, ದೊಡ್ಡ ಫೋಟೋ ಇರೋ ಹಳೇ ಮೇಲ್ ಒಂದು ಹೋಗ್ದೆ ಸಿಕ್ಕಾಕ್ಕೊಂಡೈತೆ. ಅದ್ಕೇ ಓಪನ್ ಆಗ್ತಿಲ್ಲ. ಡಿಲೀಟ್ ಮಾಡ್ಲಾ?" ಎಂದರು.

ಅಮೃತೂರಿನ ಗೆಳತಿ ಗಿರಿಜೆಗೆ ಎರಡು ವರ್ಷದ ಹಿಂದೆ ಬರೆದದ್ದು! ನಮ್ಮ ಕಾಲೇಜಿನ ಫೋಟೋ, ಜೊತೆಗೆ "ಭಾನುವಾರ ಬಾರೇ, ಹೋಳಿಗೆ ಮಾಡ್ತೀನಿ." ಆ ಭಾನುವಾರ ಹೋಳಿಗೆ ಮಾಡಿಕೊಂಡು ಸಂಜೆಯವರೆಗೂ ಕಾದಿದ್ದೆ. ಉತ್ತರವನ್ನೂ ಕೊಡದವಳಿಗೆ ನಾನ್ಯಾಕೆ ಫೋನ್ ಮಾಡಲಿ ಎಂದು ಮಾತೇ ಬಿಟ್ಟಿದ್ದೆ.

"ಬ್ಯಾಡ ಮಂಜಣ್ಣ, ಕಳ್ಸಿಬುಡಿ" ಎಂದೆ. ಅವರು ಫೋಟೋ ಚಿಕ್ಕದು ಮಾಡಿ ಕಳಿಸಿದರು, ಹೋಯಿತು.

ಉತ್ತರ ಇನ್ನೂ ಬಂದಿಲ್ಲ. ಆದರೆ ಯಾವ ಭಾನುವಾರ ಎಂದು ನಾನು ಬರೆದಿರಲಿಲ್ಲವಲ್ಲ. ನಾಳೆಯೂ ಭಾನುವಾರವೇ. ಬೇಳೆ, ಬೆಲ್ಲ ತಂದಿಟ್ಟಿದ್ದೇನೆ.