ಉಳಿಯುತ್ತಿದ್ದ ಹಲ್ಲು

ಸಿಫೊ, ನಿಮ್ಮ ಮುಂಬಲ್ಲು ಉಳಿಯುತ್ತಿತ್ತು. ಕೀಳಬೇಕಾಗಿರಲಿಲ್ಲ. ಗೊತ್ತಿದ್ದೇ ಕಿತ್ತೆ.

ಎಕ್ಸ್‌ರೇಯಲ್ಲಿ ಬೇರು ಗಟ್ಟಿಯಾಗಿಯೇ ಇತ್ತು, ಕೆಟ್ಟಿದ್ದು ಒಳಗಿನ ನರ ಮಾತ್ರ. ಅಂಥ ಹಲ್ಲಿಗೆ ರೂಟ್ ಕೆನಾಲ್ ಮಾಡಿ ಉಳಿಸುವುದು ದುಬೈನ ಸತ್ವಾ ಬಡಾವಣೆಯ ನನ್ನ ಕ್ಲಿನಿಕ್ಕಿನಲ್ಲಿ ದಿನನಿತ್ಯದ ಕೆಲಸ. ನೀವು ಕುರ್ಚಿಯಲ್ಲಿ ಒರಗಿ ಹೇಳಿದಿರಿ — "ಡಾಕ್ಟರ್, ಈ ಹಲ್ಲು ಊರಿಯೇ ನಾನು ಸ್ಯಾಕ್ಸೊಫೋನ್ ಹಿಡಿಯೋದು. ಹೇಗಾದ್ರೂ ಉಳಿಸಿ."

"ಖಲಾಸ್, ಸಿಫೊ. ಕೀಳಲೇಬೇಕು" ಅಂದೆ.

ನೀವು ಯಾರೆಂಬುದು ನನಗೆ ಗೊತ್ತಿತ್ತು. ಡರ್ಬನ್ನಿನ ಚರ್ಚ್ ಬ್ಯಾಂಡಿನಲ್ಲಿ ಊದಲು ಕಲಿತವರು, ಜೊಹಾನ್ಸ್‌ಬರ್ಗಿನ ಜಾಝ್ ಕ್ಲಬ್ಬುಗಳಲ್ಲಿ ಹೆಸರು ಮಾಡಿದವರು. ದುಬೈಗೆ ಬಂದು ಹನ್ನೊಂದು ವರ್ಷ, ಹೋಟೆಲಿನಲ್ಲಿ ಜನ ಉಣ್ಣುತ್ತಿರುವಾಗ ಬೇರೆಯವರ ಹಾಡುಗಳನ್ನು ನುಡಿಸಿದವರು. ಅಬುಧಾಬಿಯಲ್ಲಿ ಮೊದಲ ಸಲ ನಿಮ್ಮದೇ ರಚನೆಗಳ ಕಛೇರಿ ನಿಗದಿಯಾಗಿತ್ತು. ಮೂರು ವಾರ ಉಳಿದಿತ್ತು.

ನನಗೆ ನಿಮ್ಮ ಮೇಲೇಕೆ ಅಷ್ಟು ವಿಷ? ನನ್ನ ಮಗಳು ಮೇಧಾ. ನಮ್ಮದೇ ಕಟ್ಟಡದಲ್ಲಿದ್ದ ನಿಮ್ಮ ಬಳಿ ಆಕೆ ಸ್ಯಾಕ್ಸೊಫೋನ್ ಕಲಿಯುತ್ತಿದ್ದಳು. "ಓದೂದು ಬಿಟ್ಟು ಪೀಪಿ ಊದ್ಕೋತ ಕುಂದರ್ತಿಯೇನ?" ಎಂದು ಒಮ್ಮೆ ನಮ್ಮ ಧಾರವಾಡದ ಮಾತಿನಲ್ಲೇ ಗದರಿದೆ. ಅವಳು ಎಂದಿನಂತೆ ಇಂಗ್ಲಿಷಿನಲ್ಲಿ ಉತ್ತರಿಸಿದಳು — "ಹೀ ಲಿಸನ್ಸ್ ಟು ಮಿ, ಅಪ್ಪಾ. ಯು ಡೋಂಟ್." ಅಷ್ಟೇ. ಹದಿನಾರರ ಹುಡುಗಿಯ ಒಂದು ಮಾತು. ಅದಕ್ಕೆ ನಾನು...

ನಿಮಗೆ ನೋವಾಗದಂತೆ ಇಂಜೆಕ್ಷನ್ ಕೊಟ್ಟೆ. ನನ್ನ ಕೈ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಹಲ್ಲು ಜಪ್ಪಯ್ಯ ಅಂದರೂ ಬರಲಿಲ್ಲ. ಇಕ್ಕಳ ತಿರುವುತ್ತಿದ್ದಾಗ ನನಗೆ ಹಿತವಾಗಿತ್ತು — ಇದನ್ನು ಯಾರಿಗೂ ಹೇಳಿಲ್ಲ, ನನಗೂ ಹೇಳಿಕೊಂಡಿರಲಿಲ್ಲ. ಎದ್ದು ನಿಂತು, ಹತ್ತಿ ಕಚ್ಚಿದ ಬಾಯಲ್ಲೇ ನೀವು ಥ್ಯಾಂಕ್ಸ್ ಹೇಳಿದಿರಿ.

ನಾನು ಕೂರಿಸಿದ ಕಟ್ಟುಹಲ್ಲು ಊದುವಾಗ ಅಲುಗಾಡುತ್ತಿತ್ತು. ಕಛೇರಿ ರದ್ದಾಯಿತು. ಹೋಟೆಲಿನವರು ಒಂದು ತಿಂಗಳು ತಾಳಿದರು, ಆಮೇಲೆ ಕೀಬೋರ್ಡ್ ನುಡಿಸುವವನನ್ನು ತಂದರು. ದವಡೆಯ ಮೂಳೆಗೇ ಕೂರಿಸುವ ಇಂಪ್ಲಾಂಟ್ ಹಾಕಿಸಿಕೊಳ್ಳುವ ಮೊದಲೇ ಕೆಲಸ ಹೋಯಿತು, ವೀಸಾ ಹೋಯಿತು. ಈಗ ಡರ್ಬನ್ನಿನಲ್ಲಿ ಶಾಲಾ ವ್ಯಾನು ಓಡಿಸುತ್ತಿದ್ದೀರಂತೆ, ಮೇಧಾ ಹೇಳುತ್ತಿರುತ್ತಾಳೆ.

ಹೊರಡುವ ದಿನ ಮನೆಗೆ ಬಂದು ನನ್ನೆದುರೇ ಅವಳಿಗೆ ಹೇಳಿದಿರಿ — "ನಿಮ್ಮಪ್ಪ ಕೈಲಾದದ್ದೆಲ್ಲ ಮಾಡಿದ್ರು. ಅವರ ಮಾತು ಕೇಳು." ಅವಳು ಕೇಳಿದಳು, ಸಿಫೊ. ವಾದ್ಯ ಮುಟ್ಟಲಿಲ್ಲ. ನನ್ನ ಹಾಗೆಯೇ ಹಲ್ಲಿನ ಡಾಕ್ಟರಾಗಬೇಕೆಂದು ಓದುತ್ತಿದ್ದಾಳೆ. ನನಗೆ ಬೇಕಾದದ್ದೆಲ್ಲ ನೀವೇ ಕೊಟ್ಟು ಹೋದಿರಿ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿಮಗೆ ಓದಲು ಬಾರದ ಭಾಷೆಯಲ್ಲಿ. ಅದೂ ಹೇಡಿತನವೇ. ಆದರೆ ಮೇಧಾ ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲಳು. ರಜೆಗೆ ಬಂದಿದ್ದಾಳೆ. ನಾಳೆ ಬೆಳಿಗ್ಗೆ ಚಹಾ ಆದ ಮೇಲೆ ಈ ಹಾಳೆಗಳನ್ನು ಅವಳ ಕೈಗೆ ಕೊಡುತ್ತೇನೆ. ನಿಮಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಅವಳೇ ಹೇಳಲಿ. ಅವಳು ಓದಿ ಮುಗಿಸುವ ತನಕ ನಾನು ಎದುರಿಗೇ ಕೂತಿರುತ್ತೇನೆ.