ನಾನು ಬಿಟ್ಟ ಐದು ಅಳತೆಗಳು

ಬಾಂಬೆ ಪಕ್ಕದ ನೆರೂಳಿಗೆ ಬಂದ ದಿನ ಮನೆಯ ವಿಳಾಸ ಕೇಳಿ ದಂಗಾದೆ. ಬೀದಿಗೆ ಹೆಸರೇ ಇಲ್ಲ, ಬರೀ ಸೆಕ್ಟರ್, ಪ್ಲಾಟ್ ನಂಬರ್! ಮೈಸೂರಿನಲ್ಲಿ "ಹಿಟ್ಟಿನ ಗಿರಣಿ ಪಕ್ಕ" ಎಂದರೆ ಸಾಕಿತ್ತು. ಸಂಖ್ಯಾಶಾಸ್ತ್ರ ಓದಿದವಳಿಗೆ ಇಷ್ಟೊಂದು ಅಂಕಿ ಹಿಡಿಸಬೇಕಿತ್ತು. ನನಗೆ ಅಳು ಬಂತು.

ರಬಾಳೆಯ ಕಾರ್ಖಾನೆಯೊಂದರಲ್ಲಿ ಬೋಲ್ಟುಗಳ ಅಳತೆ ಪರಿಶೀಲಿಸುವ ಕೆಲಸ. ಮರಾಠಿ ಬಾರದು, ಕಲಿಯುವ ಮನಸ್ಸೂ ಇರಲಿಲ್ಲ. ಆಗ ಸಿಕ್ಕವರು ದೇಶಪಾಂಡೆ ಸರ್. ಧಾರವಾಡದವರು, ಮನೆ ಡೊಂಬಿವಲಿ, ನೆರೂಳಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಕಾಲೇಜಿನ ತಾರಸಿಯಿಂದ ಒಂದೇ ನಕ್ಷತ್ರದ ಬೆಳಕನ್ನು ಹತ್ತು ವರ್ಷ ಅಳೆದು, ವಹಿಯಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ಬರೆಸಿಟ್ಟಿದ್ದರು. ನಿವೃತ್ತಿಗೆ ಮೊದಲು ಅದರ ಮೇಲೊಂದು ಪ್ರಬಂಧ ಅಚ್ಚಾಗಬೇಕೆಂಬುದೊಂದೇ ಅವರ ಆಸೆ.

"ನನಗ ನೋಡೂದಷ್ಟ ಗೊತ್ತರಿ ಮೇಡಂ. ಲೆಕ್ಕ ನೀವು ಹಾಕ್ರಿ," ಎಂದರು.

ಶನಿವಾರಗಳಂದು ಅವರ ಮನೆಯಲ್ಲಿ ಕೆಲಸ, ಜೊತೆಗೆ ಅವರ ಹೆಂಡತಿಯ ಥಾಲಿಪೀಠ. ನಮ್ಮ ಅಕ್ಕಿರೊಟ್ಟಿಯ ದಾಯಾದಿ ಅದು, ಖಾರ ಮಾತ್ರ ಹೆಚ್ಚು. ಈ ಊರಿನಲ್ಲಿ ನನಗಾಗಿ ಕಾಯುವವರಿದ್ದಾರೆ ಎನಿಸಿದ್ದು ಅಲ್ಲೇ.

ವಹಿಯ ಕೊನೆಯ ಕಾಲಮ್ಮಿನಲ್ಲಿ ವಿದ್ಯಾರ್ಥಿಗಳು ಮರಾಠಿಯಲ್ಲಿ ಬರೆದ ಷರಾಗಳಿದ್ದವು. ಅವನ್ನು ಬಿಟ್ಟು ಅಂಕಿಗಳನ್ನಷ್ಟೇ ಕಂಪ್ಯೂಟರಿಗೆ ಹಾಕಿದೆ. ಐದು ಅಳತೆಗಳು ಮಿಕ್ಕವುಗಳಿಗಿಂತ ತೀರ ಮೇಲಿದ್ದವು. ನಮ್ಮ ಕಾರ್ಖಾನೆಯಲ್ಲಿ ಹಾಗೆ ದೂರ ಸಿಡಿದ ಅಳತೆ ಎಂದರೆ ಯಂತ್ರದ ತಪ್ಪು. ಯಾರನ್ನೂ ಕೇಳದೆ ಐದನ್ನೂ ತೆಗೆದೆ. ನಕ್ಷತ್ರದ ಬೆಳಕು ಬದಲಾಗುವುದಿಲ್ಲ ಎಂದು ಪ್ರಬಂಧ ಅಚ್ಚಾಯಿತು. ಸರ್ ಕಾಲೇಜಿಗೆಲ್ಲ ಪೇಢೆ ಹಂಚಿದರು.

ಮರುವರ್ಷ ಬೇರೆ ದೇಶದವರು ಅದೇ ನಕ್ಷತ್ರ ಆಗಾಗ ಭುಗಿಲೆದ್ದು ಬೆಳಗುತ್ತದೆಂದು ಪ್ರಕಟಿಸಿದರು. ಸರ್ ವಹಿ ತೆಗೆದು ಆ ಐದು ಸಾಲುಗಳ ಷರಾ ಓದಿ, ನನಗೆ ಅರ್ಥ ಹೇಳಿದರು: "ಆಕಾಶ ಸ್ವಚ್ಛ. ಎರಡು ಸಲ ತಪಾಸಣೆ ಮಾಡಿದೆ."

"ಯಾಕ ಬಿಟ್ರಿ?"

"ತಪ್ಪು ಅಳತೆ ಅಂದ್ಕೊಂಡೆ ಸರ್. ನಿಮ್ಮನ್ನ ಕೇಳ್ಬೇಕಿತ್ತು."

ಅವರು ವಹಿ ಮುಚ್ಚಿಟ್ಟರು. "ಮಿಂಚಿ ಹೋದ ಕಾರ್ಯಕ್ಕ ಚಿಂತಿಸಿ ಫಲ ಇಲ್ರಿ. ನಾನೂ ಕೇಳಲಿಲ್ಲಲ್ಲ."

ಬೈದಿದ್ದರೆ ಹಗುರಾಗುತ್ತಿದ್ದೆ. ಹತ್ತು ವರ್ಷ ಅವರು ಕಾದಿದ್ದನ್ನು ನಾನು ಕೈಯಾರೆ ಅಳಿಸಿದ್ದೆ.

ಆಮೇಲೆ ಹಟ ಹಿಡಿದು ಮರಾಠಿ ಕಲಿತೆ. ಈಗ ಮೈಸೂರಿಗೆ ಹೋದರೆ ಅಕ್ಕಂದಿರು "ಬಂದ್ಲು ಬಾಂಬೆಯವಳು" ಎಂದು ಛೇಡಿಸುತ್ತಾರೆ; ಇಲ್ಲಿ ನಮ್ಮ ವಸತಿ ಸೊಸೈಟಿಯವರಿಗೆ ನಾನಿನ್ನೂ ಮದ್ರಾಸಿ. ಸರ್ ತಮ್ಮ ಬೀಳ್ಕೊಡುಗೆಯ ದಿನ ನನ್ನನ್ನು ವೇದಿಕೆಗೆ ಕರೆದು, ತುಂಬಿದ ಸಭೆಗೆ "ಹ್ಯಾ ಆಮಚ್ಯಾಚ್" ಎಂದರು. ಇವರು ನಮ್ಮವರೇ ಎಂದು. ಆ ಮಾತಿಗಾಗಿ ಈ ಊರಿನಲ್ಲಿ ಎಷ್ಟು ವರ್ಷ ಹಂಬಲಿಸಿದ್ದೆನೋ. ಅಂದು ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ.