ಬ್ಯಾನರ್‌ನಲ್ಲಿ ಅಗಲವಾದ ಮುಖ

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ಚಿತ್ರಗಳಲ್ಲಿರುವ ವಸ್ತುಗಳ ಆಕಾರವನ್ನು ಅಳೆದು ಹೋಲಿಸುವುದು ನನ್ನ ವಿಷಯ. ಅದರ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಜಂಬವಿತ್ತು.

ಆ ವರ್ಷ ನೆರೆ ಇಳಿದ ಮೇಲೆ ಮೂಡಲಗಿ ಕಡೆಯ ಹೊಳೆದಂಡೆಯಲ್ಲಿ ಒಂದು ತಲೆಬುರುಡೆ ಸಿಕ್ಕಿತು. ಘೋಡಗೇರಿಯ ರೈತ ರುದ್ರಪ್ಪ ನೆರೆಯಲ್ಲಿ ಕಾಣೆಯಾಗಿದ್ದರು. ಡಿಎನ್‌ಎ ವರದಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಅಲ್ಲಿಯವರೆಗೆ ಬುರುಡೆ ಅವರದೇ ಏನೆಂದು ಫೋಟೊ ಜೊತೆ ಹೋಲಿಸಿ ನೀವೊಮ್ಮೆ ನೋಡಿಕೊಡಿ ಎಂದು ಪೊಲೀಸರು ನನ್ನನ್ನು ಕೇಳಿದರು.

ರುದ್ರಪ್ಪನವರ ಹೆಂಡತಿ ಮಲ್ಲವ್ವ ಎರಡು ಫೋಟೊ ತಂದರು. ಒಂದು ಹಳೆಯ, ಚಿಕ್ಕ ಪಾಸ್‌ಪೋರ್ಟ್ ಫೋಟೊ. ಇನ್ನೊಂದು, ಬಸವ ಜಯಂತಿಗೆ ಓಣಿಯವರು ಹಾಕಿಸಿದ್ದ ಶುಭಾಶಯದ ಬ್ಯಾನರ್‌ನಿಂದ ಕತ್ತರಿಸಿದ ದೊಡ್ಡ ಮುಖ. ನಾನು ದೊಡ್ಡದನ್ನೇ ಎತ್ತಿಕೊಂಡೆ.

“ಇದರಾಗ ಮಾರಿ ದಪ್ಪ ಕಾಣತೈತ್ರಿ. ಅವರು ಅಷ್ಟ ದಪ್ಪ ಇರಲಿಲ್ರಿ,” ಎಂದರು ಮಲ್ಲವ್ವ.

“ಗಾತ್ರ ಲೆಕ್ಕಕ್ಕ ಬರೂದಿಲ್ಲ ತಂಗಿ. ನಮ್ಮ ಪದ್ಧತಿ ಅದನ್ನ ತಗದ ಹಾಕತೈತಿ,” ಎಂದೆ.

ಮುಖದ ಮೇಲೂ ಬುರುಡೆಯ ಚಿತ್ರದ ಮೇಲೂ ಕಣ್ಣಿನ ಮೂಲೆ, ಮೂಗಿನ ಬುಡ, ಗದ್ದ ಹೀಗೆ ಹದಿನಾಲ್ಕು ಲ್ಯಾಂಡ್‌ಮಾರ್ಕ್, ಅಂದರೆ ಗುರುತು ಬಿಂದುಗಳನ್ನಿಟ್ಟೆ. ಎರಡನ್ನೂ ಒಂದೇ ಅಳತೆಗೆ ತಂದು, ತಿರುಗಿಸಿ, ಒಂದರ ಮೇಲೊಂದು ಕೂರಿಸಿದ ಮೇಲೂ ಉಳಿಯುವುದೇ ಆಕಾರದ ವ್ಯತ್ಯಾಸ. ಅದು ಬಹಳ ದೊಡ್ಡದಿತ್ತು. ಹೊಂದಾಣಿಕೆ ಇಲ್ಲ ಎಂದು ಬರೆದು ಸಹಿ ಹಾಕಿದೆ.

“ಹಂಗಾರ ಎಲ್ಯರ ಅದಾರ ಅಂದಂಗಾತ್ರಿ!” ಎಂದು ಮಲ್ಲವ್ವ ಅತ್ತು ಕೈಮುಗಿದರು. ನನಗೂ ಖುಷಿಯಾಯಿತು.

ನಾಲ್ಕು ತಿಂಗಳ ನಂತರ ಡಿಎನ್‌ಎ ವರದಿ ಬಂತು. ಬುರುಡೆ ರುದ್ರಪ್ಪನವರದೇ ಆಗಿತ್ತು. ಮುಖ ದಪ್ಪ ಕಾಣುತ್ತದೆ ಎಂದು ಮಲ್ಲವ್ವ ಹೇಳಿದ್ದು ನೆನಪಾಯಿತು. ನೇರವಾಗಿ ಆ ಬ್ಯಾನರ್ ಮಾಡಿದ ಅಂಗಡಿಗೆ ಹೋದೆ.

“ಚೌಕಟ್ಟು ತುಂಬಲಿಲ್ಲಂದ್ರ ಮಾರಿ ಸ್ವಲ್ಪ ಅಡ್ಡಕ್ಕ ಎಳೀತೇವ್ರಿ. ಎಲ್ಲಾರದೂ ಹಂಗ ಮಾಡತೇವಿ,” ಎಂದ ಅಂಗಡಿಯವ.

ನಮ್ಮ ಪದ್ಧತಿ ಎಲ್ಲ ಕಡೆಗೂ ಸಮನಾಗಿ ಹಿಗ್ಗಿದ್ದನ್ನು ಮಾತ್ರ ಸರಿಪಡಿಸುತ್ತದೆ. ಅಡ್ಡಕ್ಕೆ ಎಳೆದರೆ ಆಕಾರವೇ ಬದಲಾಗುತ್ತದೆ. ಇದನ್ನು ಪ್ರತಿ ವರ್ಷ ತರಗತಿಯಲ್ಲಿ ಪಾಠ ಮಾಡುತ್ತಿದ್ದವನು ನಾನೇ.

ತಪ್ಪು ಒಪ್ಪಿಕೊಳ್ಳಲು ಘೋಡಗೇರಿಗೆ ಹೋದೆ. ಮಲ್ಲವ್ವ ಬೈದಿದ್ದರೆ ಹಗುರಾಗುತ್ತಿತ್ತೇನೋ, ಬೈಯಲಿಲ್ಲ.

“ನೀವು ಅಲ್ಲ ಅಂದ್ರಲ್ರಿ, ಅದಕ್ಕ ಸಂಕೇಶ್ವರ, ಮಿರಜ, ಕೊಲ್ಲಾಪುರ, ಎಲ್ಲಾ ದವಾಖಾನಿ ಹುಡುಕಿದ್ನಿ. ನೋಡಿದ್ರ ಅವರು ಇಲ್ಲೇ ಗೋಕಾಕದಾಗ ಪೊಲೀಸರ ಡಬ್ಬ್ಯಾಗ ಇದ್ರು. ನಾಕ ತಿಂಗಳು ಅವರನ್ನ ಒಬ್ಬರನ್ನ ಅಲ್ಲೇ ಬಿಟ್ಟಂಗಾತ್ರಿ.”

ಅವರ ಎದುರು ಕೂತು ಅತ್ತುಬಿಟ್ಟೆ.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ನಾವು ವರದಿಗೆ ಸಹಿ ಹಾಕಿ ಊಟಕ್ಕೆ ಏಳುತ್ತೇವೆ. ಅದನ್ನು ನಂಬಿದವರು ಸತ್ತವರನ್ನು ಹುಡುಕಿಕೊಂಡು ಊರೂರು ಅಲೆಯುತ್ತಾರೆ.